ನೋಂದಣಿಯ ದಿನವೇ ತುಂಡಾಗುವ ಕೇಬಲ್

ಸೆಪ್ಟೆಂಬರ್ ಹದಿನೈದರ ಸೋಮವಾರ ಬೆಳಗ್ಗೆ ಹನ್ನೊಂದೂವರೆಗೆ ಮುಬಶಿರ್ ಕೊಪ್ಪ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಕೈಯಲ್ಲಿ ಗೇಣುದ್ದದ ಕಪ್ಪು ಕೇಬಲ್ ತುಂಡೊಂದಿತ್ತು. ಅವನು ಇಂಟರ್ನೆಟ್ ಕಂಪನಿಯೊಂದರ ಲೈನ್ ನೋಡಿಕೊಳ್ಳುವ ನೌಕರ. ಸಬ್ ಇನ್ಸ್‌ಪೆಕ್ಟರ್ ಸೌಂದರ್ಯಾಳ ಮೇಜಿನ ಮೇಲೆ ಆ ತುಂಡನ್ನು ಇಟ್ಟವನೇ ಹೇಳಿದ:

"ಇದು ಮೂರನೇ ಸಲ ಮೇಡಂ. ಮೊದಲೆರಡು ಸಲ ಮಂಗ ಎಳೆದು ಹರಿದಿರಬೇಕು ಅಂತ ಜೋಡಿಸಿ ಸುಮ್ಮನಾದೆ. ಮಂಗ ಹಿಂಗೆ ಕತ್ತರಿಸ್ತದಾ, ನೀವೇ ನೋಡಿ."

ಸೌಂದರ್ಯಾ ತಿರುಗಿಸಿ ನೋಡಿದಳು. ತುದಿ ನುಣ್ಣಗೆ ಕತ್ತರಿಸಿದಂತಿತ್ತು. ನಡುವೆ ಮಾತ್ರ ರಬ್ಬರಿನ ಒಂದು ಸಣ್ಣ ಏಣು ಉಳಿದಿತ್ತು, ಕಟರಿನ ಬಾಯಿಯಲ್ಲಿ ಅಷ್ಟು ಜಾಗ ಮುಕ್ಕಾಗಿದ್ದಂತೆ.

"ಹಳೇ ತುಂಡು ಉಂಟಾ?"

"ಕಂಪನಿ ಜೀಪಿನ ಡಬ್ಬಿಯಲ್ಲಿ ಒಂದು ಬಿದ್ದುಕೊಂಡಿದೆ."

ಅದನ್ನೂ ತರಿಸಿದಳು. ಅದರ ತುದಿಯಲ್ಲೂ ಅದೇ ಏಣು.

ಎಫ್‌ಐಆರ್ ದಾಖಲಾಯಿತು. ಮುಬಶಿರನನ್ನೂ ಹೆಡ್ ಕಾನ್‌ಸ್ಟೇಬಲ್ ಕರಿಯಣ್ಣನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಸೌಂದರ್ಯಾ ನರಸಿಂಹರಾಜಪುರ ರಸ್ತೆಗೆ ಹೋದಳು. ಮೋರಿಯೊಂದರ ಪಕ್ಕದ ಕಂಬದಲ್ಲಿ ಕೇಬಲ್ ಕಡಿದು ನೇತಾಡುತ್ತಿತ್ತು. ಕಂಬದ ಬುಡದ ಕೆಸರಿನಲ್ಲಿ ಏಣಿಯ ಕಾಲು ಊರಿದ ಎರಡು ಗುಂಡಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ಸ್ಥಳ ಪಂಚನಾಮೆ ಮುಗಿಸಿ ಸಹಿ ಹಾಕಿಸುವಾಗ ಕರಿಯಣ್ಣ ಗೊಣಗಿದ:

"ಇದೆಂಥ ಕೇಸು ಮೇಡಂ. ಯಾರೋ ಕುಡುಕರ ಕೆಲಸ."

"ಕುಡುಕ ಏಣಿ ಹೊತ್ತುಕೊಂಡು ಬರ್ತಾನಾ ಕರಿಯಣ್ಣ? ಈ ಲೈನು ಎಲ್ಲಿಗೆ ಹೋಗ್ತದೆ, ಕೇಳು."

ಮುಬಶಿರ್ ಹೇಳಿದ. ಲೈನು ಹೋಗುವುದು ಉಪನೋಂದಣಿ ಕಚೇರಿಗೆ.

ಕಚೇರಿಯ ಅಂಗಳದಲ್ಲಿ ಅವರು ಜೀಪು ಇಳಿಯುವ ಹೊತ್ತಿಗೆ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿತ್ತು. ಒಂದು ಕಡೆ ತನ್ನ ಮನೆ ಮಾರಲು ಬಂದಿದ್ದ ಕಾಳುಮೆಣಸಿನ ವ್ಯಾಪಾರಿ ಮಹಮ್ಮದ್ ಶಫಿ. ಅರವತ್ತು ದಾಟಿದ, ಗಂಟು ಮುಖದ ಮನುಷ್ಯ. ಇನ್ನೊಂದು ಕಡೆ ಅದನ್ನು ಕೊಳ್ಳಲು ಬಂದಿದ್ದ, ಬಸ್ ನಿಲ್ದಾಣದ ಹತ್ತಿರ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಬೇಗಾರಿನ ಯೋಗೇಂದ್ರ ಮತ್ತು ಅವನ ಹೆಂಡತಿ ದೀಕ್ಷಾ.

"ಇವನೇ ಕಡಿಸಿದ್ದು!" ಯೋಗೇಂದ್ರ ಕೂಗುತ್ತಿದ್ದ. "ಬೇರೆ ಪಾರ್ಟಿ ಜಾಸ್ತಿ ರೇಟು ಕೊಡ್ತೀನಿ ಅಂದಿದೆ. ನಮ್ಮ ಏಳು ಲಕ್ಷ ಅಡ್ವಾನ್ಸ್ ನುಂಗ್ಲಿಕ್ಕೆ ಆಟ ಹೂಡಿದ್ದಾನೆ!"

"ನಾಲಗೆ ಬಿಗಿ ಹಿಡಿ," ಎಂದ ಶಫಿ. "ಇನ್ನೊಂದೇ ದಿನ ಕೊಡ್ತೇನೆ. ಅವತ್ತು ಹಣ ತಂದರೆ ಮನೆ ನಿಂದು. ತರ್ಲಿಲ್ಲ ಅಂದ್ರೆ ಮನೆಯೂ ಇಲ್ಲ, ಅಡ್ವಾನ್ಸೂ ಇಲ್ಲ."

"ಹಣ ತರ್ಲಿಲ್ಲ ಅಂತ ಯಾರಂದ್ರು?" ದೀಕ್ಷಾ ಗಂಡನ ಹೆಗಲಲ್ಲಿದ್ದ ಬ್ಯಾಗನ್ನು ತಟ್ಟಿ ತೋರಿಸಿದಳು. "ಬ್ಯಾಂಕಿನ ಡಿಡಿ ಮೂರು ಸಲ ಹೊತ್ತುಕೊಂಡು ಬಂದಿದ್ದೇವೆ. ಬಾಡಿಗೆ ಮನೆ ಖಾಲಿ ಮಾಡಿ ಸಾಮಾನೆಲ್ಲ ಅಂಗಡಿಯಲ್ಲಿ ಪೇರಿಸಿಟ್ಟಿದ್ದೇವೆ. ನಿಮಗೆ ಮನುಷ್ಯತ್ವ ಉಂಟಾ?"

ಉಪನೋಂದಣಾಧಿಕಾರಿ ಸೌಂದರ್ಯಾಳನ್ನು ಒಳಗೆ ಕರೆದು ಕೂರಿಸಿದರು. "ಸರ್ವರ್ ಹೋದ ಮೂರು ದಿನವೂ ಇವರದ್ದೇ ಕ್ರಯಪತ್ರ ಇತ್ತು ಮೇಡಂ. ಬೇರೆಯವರು ಬಂದು ಬೈದು ಹೋಗ್ತಾರೆ. ಇವರು ಮಾತ್ರ ಮೂರು ಸಲವೂ ಇದೇ ಅಂಗಳದಲ್ಲಿ ಹೊಡೆದಾಟಕ್ಕೆ ನಿಂತಿದ್ದಾರೆ."

ಮರುದಿನದ ಹೊತ್ತಿಗೆ ಪೇಟೆಯಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ. ಶಫಿಯ ಫೋಟೊ ಹಾಕಿದ ವಾಟ್ಸಾಪ್ ಸಂದೇಶವೊಂದು ಫೋನಿನಿಂದ ಫೋನಿಗೆ ಓಡಾಡಿತು. ಬುಧವಾರ ಬೆಳಗ್ಗೆ ಅವನ ಅಂಗಡಿಯ ಶಟರಿಗೆ ಯಾರೋ ಸುಟ್ಟ ಆಯಿಲ್ ಬಳಿದಿದ್ದರು. ಕಪ್ಪು ಎಣ್ಣೆ ಶಟರಿನಡಿಯಿಂದ ಒಳಗೆ ಹರಿದು ಮೆಣಸಿನ ಎರಡು ಚೀಲ ಹಾಳಾಗಿದ್ದವು. ಸೌಂದರ್ಯಾ ಅಲ್ಲಿಗೆ ಹೋದಾಗ ಎದುರಿನ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನೋಡುತ್ತ ನಿಂತರು. ಇದು ಕೇಬಲಿಗೆ ನಿಲ್ಲುವ ಕೇಸಲ್ಲ, ನಾಳೆ ಕಲ್ಲು ಬೀಳುತ್ತದೆ ಎಂದು ಅವಳಿಗೆ ಅನಿಸಿತು. ಅಂಗಡಿ ಮುಂದೆ ಒಬ್ಬ ಪೇದೆಯನ್ನು ನಿಲ್ಲಿಸಿ ಶಫಿಯನ್ನು ಠಾಣೆಗೆ ಕರೆತಂದಳು.

"ಆಯಿಲ್ ಬಳಿದವರನ್ನ ಬಿಟ್ಟು ನನ್ನನ್ನ ಕರ್ಕೊಂಡು ಬಂದ್ರಿ," ಎಂದ ಶಫಿ.

"ಇಲ್ಲಿ ಪ್ರಶ್ನೆ ನಮ್ಮದು," ಎಂದ ಕರಿಯಣ್ಣ. "ಮನೆಗೆ ಬೇರೆ ಪಾರ್ಟಿ ಬಂದದ್ದು ಹೌದಾ?"

"ಹೌದು."

"ಜಾಸ್ತಿ ರೇಟು?"

"ಜಾಸ್ತಿಯೇ."

"ಮತ್ತೆ ಕೇಬಲ್ ಕಡಿಸಿದ್ದು ಯಾರ ಹತ್ರ?"

ಶಫಿ ಅವನ ಕಡೆ ತಿರುಗಲೂ ಇಲ್ಲ. ಸೌಂದರ್ಯಾಳನ್ನೇ ನೋಡುತ್ತ ಹೇಳಿದ. "ಕರಾರು ಓದಿದ್ದೀರಾ ಮೇಡಂ? ಗೊತ್ತು ಮಾಡಿದ ದಿನ ಅವರು ಬಾಕಿ ಹಣ ತರದಿದ್ರೆ ಅಡ್ವಾನ್ಸ್ ನನಗೆ. ಕಚೇರಿ ನಡೀದಿದ್ರೆ ಯಾರ ತಪ್ಪೂ ಅಲ್ಲ, ದಿನ ಮುಂದಕ್ಕೆ ಹೋಗ್ತದೆ. ಆ ಅಡ್ವಾನ್ಸ್ ನನಗೆ ಬೇಕು ಅಂದ್ರೆ ಕಚೇರಿ ನಡೀಬೇಕು. ಕೇಬಲ್ ಕಡಿದ್ರೆ ನನಗೆಂತ ಲಾಭ?"

ಕರಿಯಣ್ಣ ಅದನ್ನು ಬರೆದುಕೊಂಡ.

"ನನ್ನ ಹೆಂಡತಿ ತಾಹೇರಾಗೆ ಲಕ್ವ ಹೊಡೆದು ನಾಲ್ಕು ತಿಂಗಳಾಯ್ತು. ಮಗಳು ನರಸಿಂಹರಾಜಪುರದಲ್ಲಿದ್ದಾಳೆ. ಈ ಮನೆ ಮಾರಿ ಅವಳ ಹತ್ರ ಹೋಗ್ಬೇಕು ಅಂತ ಕಾಯ್ತಿದ್ದೇನೆ. ಪ್ರತಿ ಸಲ ತಾಹೇರಾಳನ್ನ ಬೇರೆಯವರ ಕೈಗೆ ಬಿಟ್ಟು ಆ ಅಂಗಳಕ್ಕೆ ಬಂದು ನಿಂತಿದ್ದೇನೆ, ಬೈಸಿಕೊಳ್ಳಲಿಕ್ಕೆ."

ಅವನು ಎದ್ದು ಹೋದ ಮೇಲೆ ಸೌಂದರ್ಯಾ ಕರಾರಿನ ನಕಲನ್ನು ತರಿಸಿ ಓದಿದಳು. ಶಫಿ ಹೇಳಿದ್ದು ಸರಿಯಿತ್ತು. ಇಷ್ಟು ದಿನ ಊರೂ ಅವಳೂ ಕೇಳಿಕೊಂಡ ಪ್ರಶ್ನೆಯೇ ತಿರುಗುಮುರುಗಾಗಿತ್ತು. ನೋಂದಣಿ ನಿಂತರೆ ಉಳಿಯುವುದು ಯಾರು? ಹಣ ತರಬೇಕಾಗಿದ್ದೂ ತರಲಾಗದವನು.

ಗುರುವಾರ ಮಧ್ಯಾಹ್ನ ಅವಳು ಯೋಗೇಂದ್ರನ ಅಂಗಡಿಗೆ ಹೋದಳು. ವೈರಿನ ಸುರುಳಿಗಳ ನಡುವೆ ಮಂಚ, ಪಾತ್ರೆ, ಹೊಲಿಗೆ ಮಷೀನು ಎಲ್ಲ ತುರುಕಿದ್ದರು. ಗೋಡೆಗೆ ಅಲ್ಯೂಮಿನಿಯಂ ಏಣಿ ಒರಗಿತ್ತು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಏಣಿ ಇರುವುದು ವಿಶೇಷವಲ್ಲ. ಯೋಗೇಂದ್ರ ಹೊರಗೆ ಕೆಲಸಕ್ಕೆ ಹೋಗಿದ್ದ. ದೀಕ್ಷಾ ಒಬ್ಬಳೇ ಪರದೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು.

"ಆ ಮನುಷ್ಯನನ್ನ ಒಳಗೆ ಹಾಕಿದ್ರಾ?" ಅವಳ ಮೊದಲ ಪ್ರಶ್ನೆ.

"ವಿಚಾರಣೆ ನಡೀತಿದೆ. ಸಾಲ ಕೊಟ್ಟದ್ದು ಯಾವ ಬ್ಯಾಂಕು?"

ದೀಕ್ಷಾ ಹೆಸರು ಹೇಳಿದಳು. "ಅದೆಲ್ಲ ಇವರೇ ಓಡಾಡಿ ಮಾಡಿಸಿದ್ದು. ಅಡ್ವಾನ್ಸ್ ಮಾತ್ರ ನಂದು. ಅಪ್ಪನ ಮನೆ ಪಾಲು, ನನ್ನ ಹೊಲಿಗೆ ದುಡ್ಡು, ಎಲ್ಲ ಸೇರಿಸಿ ಕೊಟ್ಟದ್ದು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಐದು ಬಾಡಿಗೆ ಮನೆ ಬದಲಾಯಿಸಿದ್ದೇನೆ ಮೇಡಂ. ಆ ದುಡ್ಡು ಹೋದ್ರೆ ನಾನು ಎದ್ದು ನಿಲ್ಲುವುದಿಲ್ಲ."

"ಡಿಡಿ ನೀವು ನೋಡಿದ್ದೀರಾ?"

"ಕವರಿಗೆ ಅಂಟು ಹಾಕಿದ್ದಾರೆ. ರಿಜಿಸ್ಟ್ರಾರ್ ಮುಂದೆಯೇ ಒಡೀಬೇಕಂತೆ." ಕೈ ಕೆಲಸ ನಿಲ್ಲಿಸಿ ಅವಳು ಮುಖ ಎತ್ತಿದಳು. "ಯಾಕೆ ಕೇಳ್ತೀರಿ? ದುಡ್ಡು ಕಳಕೊಳ್ಳುವವರನ್ನೇ ಕೇಳುವುದಾ ನೀವು? ಅವನ ಹತ್ರ ಎಷ್ಟು ತಗೊಂಡಿದ್ದೀರಿ?"

ಸೌಂದರ್ಯಾ ಹೊರಬಂದಳು. ಜೀಪಿನಲ್ಲಿ ಕರಿಯಣ್ಣ, "ಬಾಯಿ ನೋಡಿ ಅವಳದ್ದು," ಎಂದ. "ಅವಳಿಗೆ ಏನೂ ಗೊತ್ತಿಲ್ಲ ಕರಿಯಣ್ಣ," ಎಂದಳು ಸೌಂದರ್ಯಾ. "ನನಗೆ ಹೆದರಿಕೆ ಇರುವುದೇ ಅದಕ್ಕೆ."

ಬ್ಯಾಂಕಿಗೆ ಲಿಖಿತ ಕೋರಿಕೆ ಹೋಯಿತು. ಉತ್ತರ ಬರಲು ಮುಂದಿನ ಮಂಗಳವಾರವಾಯಿತು. ಯೋಗೇಂದ್ರ ಗೆಳೆಯನೊಬ್ಬನ ಪಿಕಪ್ ವಾಹನದ ಸಾಲಕ್ಕೆ ಜಾಮೀನು ನಿಂತಿದ್ದ. ಗೆಳೆಯ ಕಂತು ಕಟ್ಟದೆ ಊರು ಬಿಟ್ಟಿದ್ದ. ಆ ಕಾರಣಕ್ಕೆ ಮನೆಸಾಲದ ಅರ್ಜಿ ಜುಲೈ ಕೊನೆಯಲ್ಲೇ, ಮೊದಲ ನೋಂದಣಿಯ ದಿನಕ್ಕಿಂತ ಮುಂಚೆಯೇ, ತಿರಸ್ಕೃತವಾಗಿತ್ತು.

"ಈಗಲೇ ಎತ್ತಿಕೊಂಡು ಬರ್ಲಾ?" ಎಂದ ಕರಿಯಣ್ಣ.

"ಸಾಲ ಸಿಗದಿರುವುದು ಅಪರಾಧ ಅಲ್ಲ. ಕಡಿದದ್ದು ಅವನೇ ಅನ್ನಲಿಕ್ಕೆ ನಮ್ಮ ಹತ್ರ ಎಂತ ಉಂಟು? ಶುಕ್ರವಾರದವರೆಗೆ ತಡಿ."

ಶಫಿ ಕೊಟ್ಟ ಕಡೆಯ ದಿನ ಅದೇ ಶುಕ್ರವಾರ, ಸೆಪ್ಟೆಂಬರ್ ಇಪ್ಪತ್ತಾರು. ಗುರುವಾರ ಸಂಜೆ ಮುಬಶಿರ್ ನೀರಿನ ಟ್ಯಾಂಕ್ ನೋಡುವ ನೆಪದಲ್ಲಿ ಉಪನೋಂದಣಿ ಕಚೇರಿಯ ತಾರಸಿ ಹತ್ತಿ, ಕೇಬಲಿನ ಹಂಗಿಲ್ಲದೆ ನಡೆಯುವ ಇನ್ನೊಂದು ಸಂಪರ್ಕ ಕೊಟ್ಟು ಇಳಿದ. ಉಪನೋಂದಣಾಧಿಕಾರಿಯೊಬ್ಬರನ್ನು ಬಿಟ್ಟು ಬೇರೆ ಯಾರಿಗೂ ತಿಳಿಸಲಿಲ್ಲ. ಮೋರಿಯ ಬಳಿ ಇಬ್ಬರು ಪೇದೆಗಳು ಕಾವಲಿಗೆ ನಿಂತರು.

ಬೆಳಗ್ಗೆ ಆರೂವರೆಗೆ ಕರಿಯಣ್ಣನ ಫೋನು ಬಂತು. "ಮೇಡಂ, ಹೋಯ್ತು. ಮೋರಿ ಹತ್ರ ಅಲ್ಲ, ಹಿರೇಕೊಡಿಗೆ ಕಡೆಯ ತಿರುವಿನಲ್ಲಿ ಕಡಿದಿದ್ದಾನೆ. ನಮ್ಮವರಿಗೆ ಸಿಗ್ಲಿಲ್ಲ."

"ತುದಿಯಲ್ಲಿ ಏಣು?"

"ಉಂಟು ಮೇಡಂ. ಅದೇ ಕಟರು."

"ಪಂಚನಾಮೆ ಮಾಡಿ ತುಂಡು ಸೀಲ್ ಮಾಡಿಸು. ನಾನು ಕಚೇರಿಗೆ ಹೋಗ್ತೇನೆ."

ಹತ್ತೂವರೆಗೆ ಅಂಗಳ ತುಂಬಿತ್ತು. ಬೇಗಾರಿನಿಂದ ಯೋಗೇಂದ್ರನ ಕಡೆಯ ಎಂಟು ಹತ್ತು ಜನ ಬಂದಿದ್ದರು. ಶಫಿ ಒಬ್ಬನೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಯಾರೋ ಅವನಿಗೆ ಕೇಳುವ ಹಾಗೆ ಕ್ಯಾಕರಿಸಿ ಉಗಿದರು. ಯೋಗೇಂದ್ರ ಬ್ಯಾಗು ಹೆಗಲಿಗೇರಿಸಿ ಗಟ್ಟಿಯಾಗಿ ಹೇಳುತ್ತಿದ್ದ, "ನೋಡ್ತಿರಿ, ಇವತ್ತೂ ಸರ್ವರ್ ಇರುವುದಿಲ್ಲ."

ಒಳಗಿನಿಂದ ಗುಮಾಸ್ತ ಬಾಗಿಲಿಗೆ ಬಂದು ಕೂಗಿದ. "ಮಹಮ್ಮದ್ ಶಫಿ, ಯೋಗೇಂದ್ರ. ಬನ್ನಿ, ಹೆಬ್ಬೆಟ್ಟು ಕೊಡಿ."

ದೀಕ್ಷಾ ಸಂತೋಷಕ್ಕೆ ಗಂಡನ ತೋಳು ಹಿಡಿದು ಎಳೆದಳು. ಅವನು ನಿಂತಲ್ಲೇ ನಿಂತು ಕೇಳಿದ:

"ಸರ್ವರ್... ಉಂಟಾ?"

"ಉಂಟು ಮಾರಾಯ್ರೆ, ಬೇಗ ಬನ್ನಿ. ಇನ್ನೂ ಜನ ಇದ್ದಾರೆ."

ಶಫಿ ಆಗಲೇ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಿದ್ದ. ಉಪನೋಂದಣಾಧಿಕಾರಿ ಬಾಕಿ ಹಣದ ವಿವರ ಕೇಳಿದರು. ಯೋಗೇಂದ್ರ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ.

"ಕೊಡಿ ಮಾರಾಯ್ರೆ, ಎಂತ ನಿಂತದ್ದು?" ದೀಕ್ಷಾ ಬ್ಯಾಗು ಕಿತ್ತುಕೊಂಡು ಕವರು ತೆಗೆದಳು. ನಾಲ್ಕು ಸಲ ಹೊತ್ತು ತಂದ ಕವರಿನ ಅಂಟನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಫ್ಯಾನಿನ ಕಂಪನಿಯೊಂದರ ಬೆಲೆಪಟ್ಟಿ ಮಡಿಸಿಟ್ಟಿತ್ತು. ಅವಳು ಅದನ್ನು ತಿರುಗಿಸಿ ನೋಡಿದಳು, ಕವರಿನೊಳಗೆ ಮತ್ತೆ ಬೆರಳು ಹಾಕಿ ನೋಡಿದಳು.

"ಬ್ಯಾಂಕಿನವರು ತಪ್ಪು ಕವರು ಕೊಟ್ಟಿದ್ದಾರೆ," ಎಂದಳು. ಆಮೇಲೆ ಗಂಡನ ಮುಖ ನೋಡಿದಳು.

ಸೌಂದರ್ಯಾ ಮುಂದೆ ಬಂದಳು. "ಬೆಳಗ್ಗೆ ಐದರಿಂದ ಆರರವರೆಗೆ ಎಲ್ಲಿದ್ರಿ ಯೋಗೇಂದ್ರ?"

"ಅಂಗಡಿಯಲ್ಲಿ."

"ಇಲ್ಲ," ಎಂದಳು ದೀಕ್ಷಾ. ಅವಳ ದನಿ ತೀರಾ ಸಣ್ಣದಾಗಿತ್ತು. "ಏಣಿ ತಗೊಂಡು ಹೋಗಿದ್ರಲ್ಲ, ಯಾರದ್ದೋ ಮನೆಯಲ್ಲಿ ಫ್ಯೂಸ್ ಹೋಗಿದೆ ಅಂತ."

ಯೋಗೇಂದ್ರ ಅಂಗಳಕ್ಕೆ ಇಳಿದ. ಬೈಕಿನ ಸೀಟಿನ ಕೆಳಗಿಂದ ಕಟರನ್ನು ತಾನೇ ತೆಗೆದುಕೊಟ್ಟ. ಅದರ ಬಾಯಿ ನಡುವೆ ಮುಕ್ಕಾಗಿತ್ತು. ಪಂಚರ ಎದುರು ಜಪ್ತಿಯಾಗಿ, ಕೇಬಲ್ ತುಂಡುಗಳ ಜೊತೆ ಪ್ರಯೋಗಾಲಯಕ್ಕೆ ಹೋಗುವ ಪೊಟ್ಟಣ ಸೇರಿತು. ಬೇಗಾರಿನಿಂದ ಬಂದವರು ಒಬ್ಬೊಬ್ಬರಾಗಿ ಗೇಟು ದಾಟಿ ಹೋದರು. ಹನ್ನೊಂದೂ ನಲವತ್ತಕ್ಕೆ ಬಂಧನದ ಮೆಮೊಗೆ ಯೋಗೇಂದ್ರ ಸಹಿ ಹಾಕಿದ.

ದೀಕ್ಷಾ ಶಫಿಯ ಎದುರು ಹೋಗಿ ನಿಂತಳು. "ಅಡ್ವಾನ್ಸ್ ನನ್ನ ದುಡ್ಡು. ಇವರದ್ದಲ್ಲ."

"ಊರೆಲ್ಲ ನನ್ನನ್ನ ಕಳ್ಳ ಅಂದಿತು," ಎಂದ ಶಫಿ. "ನನ್ನ ಅಂಗಡಿಗೆ ಆಯಿಲ್ ಬಳಿದ್ರು. ಹಾಸಿಗೆ ಹಿಡಿದವಳಿಗೂ ಆ ಮೆಸೇಜು ಯಾರೋ ಓದಿ ಹೇಳಿದ್ರು. ಅವತ್ತು ಈ ಅಂಗಳದಲ್ಲಿ ನೀವೂ ಕೂಗಿದ್ರಿ."

"ನನಗೆ ಗೊತ್ತಿರ್ಲಿಲ್ಲ."

"ನನ್ನನ್ನ ಕೇಳ್ಬಹುದಿತ್ತು." ಅವನು ಚಪ್ಪಲಿ ಮೆಟ್ಟಿಕೊಂಡ. "ವಕೀಲರ ಹತ್ರ ಮಾತಾಡಿ. ನನಗೆ ಇವತ್ತು ಏನೂ ಹೇಳ್ಲಿಕ್ಕೆ ಮನಸ್ಸಿಲ್ಲ."

ಠಾಣೆಯಲ್ಲಿ ಯೋಗೇಂದ್ರನ ಹೇಳಿಕೆ ಮುಗಿಯಲು ಎರಡು ಗಂಟೆ ಹಿಡಿಯಿತು. ಸಾಲ ಸಿಗಲಿಲ್ಲ ಎಂದು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಜಾಮೀನಿನ ವಿಷಯವನ್ನೂ ಹೇಳಬೇಕಿತ್ತು. ಜಾಮೀನು ಬೇಡ ಎಂದು ಅವಳು ಆಣೆ ಹಾಕಿಸಿಕೊಂಡಿದ್ದಳು. ಒಂದು ವಾರ ಸಿಕ್ಕರೆ ಎಲ್ಲಿಂದಾದರೂ ಹಣ ಹೊಂದಿಸಬಹುದೆಂದು ಮೊದಲ ಸಲ ಕಡಿದ. ಹೊಂದಲಿಲ್ಲ. ಆಮೇಲೆ ಕಡಿಯುವುದೊಂದೇ ದಾರಿ ಉಳಿಯಿತು.

"ಶಫಿಯ ಹೆಸರು ಯಾಕೆ ಹೇಳಿದ್ದು?" ಸೌಂದರ್ಯಾ ಕೇಳಿದಳು.

"ಯಾರದ್ದಾದ್ರೂ ಹೇಳ್ಬೇಕಿತ್ತು. ಅವರದ್ದು ಹೇಳಿದ್ರೆ ಜನ ಬೇಗ ನಂಬ್ತಾರೆ ಅಂತ ಗೊತ್ತಿತ್ತು."

ಕರಿಯಣ್ಣ ಬರೆಯುತ್ತಿದ್ದ ಪೆನ್ನು ಒಂದು ಗಳಿಗೆ ನಿಂತು ಮತ್ತೆ ಓಡಿತು.

"ಇನ್ನೇನಾದ್ರೂ ಹೇಳ್ಲಿಕ್ಕುಂಟಾ?"

ಯೋಗೇಂದ್ರ ತಲೆ ಎತ್ತಲಿಲ್ಲ. "ಸರ್ವರ್ ಇಲ್ಲ ಅಂದಾಗಲೆಲ್ಲ ಅವಳೇ ನನಗೆ ಸಮಾಧಾನ ಹೇಳ್ತಿದ್ಲು ಮೇಡಂ. ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಚಾ ಕುಡಿಸಿ, ನೀವು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ಆಗ್ತದೆ ಅಂತ." ಆಮೇಲೆ ಹೇಳಿದ, "ಅದೊಂದು ಬರೀಬೇಡಿ. ಹೇಳಿಕೆ ಅವಳ ಕೈಗೆ ಸಿಕ್ಕರೆ ಓದ್ತಾಳೆ."

ಕರಿಯಣ್ಣ ಸೌಂದರ್ಯಾಳ ಮುಖ ನೋಡಿದ. ಪ್ರಕರಣಕ್ಕೆ ಆ ಮಾತು ಬೇಕಿರಲಿಲ್ಲ. ಅವಳು ಬರೆಯುವುದು ಬೇಡವೆಂದು ತಲೆಯಾಡಿಸಿ, ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ತರಿಸಿದಳು.