ಗುನುಗುವ ಕವಡೆಯ ಕಾವಲು

ಬಹಳ ಹಿಂದೆ, ಕಡಲೂ ಮುಗಿಲೂ ಪಕ್ಕಪಕ್ಕ ಮಲಗುತ್ತಿದ್ದ ಕಾಲದಲ್ಲಿ, ಕವಡೆನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿನ ನಾಣ್ಯ ಕವಡೆ. ಅಂತಿಂಥ ಕವಡೆಯಲ್ಲ, ಸಣ್ಣಗೆ ಗುನುಗುವ ಕವಡೆ. ಸೊಪ್ಪು ಮಾರುವವಳೂ ಅದನ್ನು ಕಿವಿಗಿಟ್ಟು, ಗುನುಗು ಕೇಳಿಸಿದ ಮೇಲೇ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

ಒಂದು ದಿನ ಮುಗಿಲ ಮೇಲೆ ಹೊಸ ಊರು ಹುಟ್ಟಿತು. ಹೇಗೆ ಅಂತ ಕೇಳಬೇಡಿ, ಹುಟ್ಟಿತು. ಆ ಮುಗಿಲೂರಿನಲ್ಲಿ ನಾಣ್ಯ ಕೊಟ್ಟರೆ ಬಾಗಿಲು ತೆರೆಯುತ್ತಿತ್ತು, ದೀಪ ಹೊತ್ತುತ್ತಿತ್ತು, ತೊಟ್ಟಿಲು ತಾನೇ ತೂಗುತ್ತಿತ್ತು. ಊರನ್ನು ಹೊತ್ತ ಮುಗಿಲಿಗೂ ದಿನಾ ನಾಣ್ಯ ಹಾಕಬೇಕು. ಹಾಕದಿದ್ದರೆ ಊರು ದೊಪ್ಪನೆ ಕೆಳಗೆ ಬೀಳುತ್ತಿತ್ತು.

ಝಣಕಾಸುರ ಅನ್ನುವ ಮಾಂತ್ರಿಕ ಓಡಿಬಂದ. "ಹೊಸ ಊರಿಗೆ ಹೊಸ ನಾಣ್ಯ. ನನ್ನ ಮುಖದ್ದು. ಎಷ್ಟು ಬೇಕಾದರೂ ಮಾಡಿಕೊಡ್ತೀನಿ."

"ಇದನ್ನ ಕೆಳಗೆ ಸೊಪ್ಪಿನವಳು ತಗೊಳ್ತಾಳಾ?" ಅಂತ ಜನ ಕೇಳಿದರು. "ಹಾಗಾದ್ರೆ ನಮ್ಮ ಕವಡೆಯೇ ಸಾಕು" ಅಂದರು.

ಆದರೆ ಮೂಟೆಗಟ್ಟಲೆ ಕವಡೆಯ ಭಾರವನ್ನು ಮುಗಿಲು ತಡೆದೀತೇ? ಬೀಗ ಮಾಡುವ ಹಂಪವ್ವ ದಾರಿ ಹುಡುಕಿದಳು. ಕವಡೆಗಳನ್ನು ಕೆಳಗೆ ಕಲ್ಲುಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಅವುಗಳ ಗುನುಗು ಮಾತ್ರ ಮೇಲಕ್ಕೆ ಹೋಗಿ ಬೆಳಕಿನ ಕವಡೆಯಾಯಿತು. ಗುನುಗು ಇಳಿದು ಬಂದ ಮೇಲಷ್ಟೇ ಕವಡೆ ಹೊರಗೆ ಬರಬೇಕು. ಮೊದಲೇ ಬಂದರೆ ಮೇಲಿನ ಗುನುಗು ಸಾಯುತ್ತದೆ.

ಇನ್ನೊಂದು ಮಾತು. ಗುನುಗು ಹೋದ ಕವಡೆಗೆ ಭಾರೀ ಹಸಿವು. ಕಿವಿಗಿಟ್ಟವರ ದನಿಯನ್ನೇ ಎಳೆದುಕೊಂಡುಬಿಡುತ್ತದೆ. ಪೆಟ್ಟಿಗೆಯ ಕವಡೆಯನ್ನು ಮಾತ್ರ ಕಿವಿಗಿಡಬಾರದು ಅಂತ ಆ ನಾಡಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು.

ಹಂಪವ್ವನ ತಂಗಿ ನೀಲವ್ವ ಬಾಣಂತಿ, ಮುಗಿಲೂರಿನಲ್ಲೇ ಇದ್ದಳು. ಅವಳ ಕೂಸಿನ ತೊಟ್ಟಿಲು ತೂಗಲಿ ಅಂತ ಹಂಪವ್ವ ತನ್ನದೇ ಒಂದು ಕವಡೆಯನ್ನು ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಮೇಲೆ ಇಟ್ಟಿದ್ದಳು. ಬೀಗದ ಕೈ ಮುಟ್ಟಿದಾಗೆಲ್ಲ ಅವಳಿಗೆ ಆ ಕೂಸೇ ನೆನಪಾಗುತ್ತಿತ್ತು.

ಗುನುಗುಗಳೆಲ್ಲ ಸತ್ತರೆ ಜನ ತನ್ನ ಕಾಲಿಗೇ ಬೀಳಬೇಕು ಅಂತ ಝಣಕಾಸುರ ಲೆಕ್ಕ ಹಾಕಿದ. ಮೊದಲು ರಾಜದೂತನ ವೇಷದಲ್ಲಿ ಬಂದ. "ಅರಸರ ಅಪ್ಪಣೆ. ಪೆಟ್ಟಿಗೆ ತೆರೆ."

"ಗುನುಗು ಇಳಿದಿದೆಯಾ?"

"ಇಲ್ಲ."

"ಹಾಗಾದ್ರೆ ತೆರೆಯಲ್ಲ."

ಎರಡನೇ ಸಲ ಏಳು ನಾಲಗೆಯ ಬೆಂಕಿಹುಲಿಯಾಗಿ ಬಂದ. "ತೆರೆ. ಇಲ್ಲದಿದ್ರೆ ನುಂಗ್ತೀನಿ."

"ಗುನುಗು ಇಳಿದಿದೆಯಾ?"

"ಇಲ್ಲ."

"ಹಾಗಾದ್ರೆ ನುಂಗು. ಬೀಗದ ಕೈ ನನ್ನ ಸೊಂಟದಲ್ಲಿದೆ, ಅದೂ ನಿನ್ನ ಹೊಟ್ಟೆಗೇ ಹೋಗುತ್ತೆ. ಆಮೇಲೆ ತೆರೆಯೋರು ಯಾರಪ್ಪಾ?"

ಹುಲಿ ಪೆಚ್ಚಾಗಿ ಬಾಲ ಮುದುರಿಕೊಂಡು ಹೋಯಿತು.

ಮೂರನೇ ಸಲ ನೀಲವ್ವನೇ ಬಂದಳು. ಅದೇ ಮುಖ, ಅದೇ ದನಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಕೂಸು. "ಅಕ್ಕಾ, ಊರು ಬೀಳ್ತಿದೆ. ಪೆಟ್ಟಿಗೆ ತೆಗೆಯೇ. ಕವಡೆ ಇದ್ರೆ ನನ್ನ ಕೂಸು ಕೆಳಗೇ ಬದುಕುತ್ತೆ."

ಹಂಪವ್ವನಿಗೆ ಕೂಸಿನ ಮೇಲೇ ಕಣ್ಣು. ಗುನುಗು ಇಳಿದಿದೆಯಾ ಅಂತ ಕೇಳುವುದನ್ನೂ ಮರೆತಳು. ಬೀಗ ತೆಗೆದು, ಊರವರ ಕವಡೆ ಮುಟ್ಟದೆ, ತನ್ನ ಆ ಒಂದು ಕವಡೆಯನ್ನು ಮಾತ್ರ ಎತ್ತಿ ತಂಗಿಯ ಕೈಗಿಟ್ಟಳು.

ಕವಡೆ ಕೈಗೆ ಬಂದರೆ ಈ ನಾಡಿನವರು ಏನು ಮಾಡುತ್ತಾರೆ ಅಂತ ನೀಲವ್ವನ ವೇಷದ ಝಣಕಾಸುರ ಸಂತೆಯಲ್ಲಿ ನಿಂತು ಕಲಿತಿದ್ದ. ಪಾಪ, ಅರ್ಧ ಮಾತ್ರ ಕಲಿತಿದ್ದ. ತಾನು ಮನೆಮಗಳೇ ಅಂತ ತೋರಿಸಲು ಲಗುಬಗೆಯಿಂದ ಕವಡೆಯನ್ನು ಕಿವಿಗಿಟ್ಟ.

ಸುಯ್ ಅಂತ ಅವನ ದನಿ ಒಳಗೆ ಹೋಯಿತು. ದನಿಯ ಹಿಂದೆ ಮಂತ್ರ ಹೋಯಿತು, ಮಂತ್ರದ ಹಿಂದೆ ಅವನೂ ಹೋದ. ನೆಲದ ಮೇಲೆ ಖಾಲಿ ಬಟ್ಟೆಗಂಟು ಉಳಿಯಿತು. ಹಂಪವ್ವ ಬೀಗ ಹಾಕಿ, ಅಲ್ಲೇ ಕುಳಿತು ಅತ್ತಳು.

ಮೇಲೆ ಮುಗಿಲೂರು ಇದ್ದಲ್ಲೇ ತೇಲುತ್ತಿತ್ತು. ಒಂದೇ ಒಂದು ತೊಟ್ಟಿಲು ನಿಂತಿತು, ಕೂಸು ಅತ್ತಿತು. ನಿಜವಾದ ನೀಲವ್ವ ಅದನ್ನು ಎದೆಗೆತ್ತಿಕೊಂಡು ತಾನೇ ಗುನುಗಿದಳು. ಕೂಸು ನಿದ್ದೆಹೋಯಿತು.

ಅಲ್ಲಿಂದಾಚೆಗೆ ಮೇಲಿನವರೂ ಕೆಳಗಿನವರೂ ಒಂದೇ ಕವಡೆಯಲ್ಲಿ ಸುಖವಾಗಿ ಬದುಕಿದರು. "ನನ್ನ ಮುಖ, ನನ್ನ ಮುಖ" ಅಂತ ಗೊಣಗುವ ಒಂದು ಕವಡೆಯನ್ನು ಮಾತ್ರ ಸೊಪ್ಪಿನವಳು ಇವತ್ತಿಗೂ ತಗೊಳ್ಳುವುದಿಲ್ಲ.