ನೀಲಿ ಚುಕ್ಕಿಯ ನೊಣಗಳು

“ಹದಿನೇಳು!” ಎಂದು ಕಿರುಚಿದಳು ಪಟಪಟಿ. ಬಾಯಿಗೆ ಬಿಡುವೇ ಇಲ್ಲವೆಂದು ಮನೆಯವರು ಇಟ್ಟ ಹೆಸರದು.

ಅಮ್ಮ ಪೆನ್ನು ಕೆಳಗಿಟ್ಟಳು. “ಇಪ್ಪತ್ತು ನೊಣದಲ್ಲಿ ಹದಿನೇಳಾ? ಹತ್ತೇ ಸೆಕೆಂಡಲ್ಲಿ?”

“ಹೂಂ! ಒಂದಂತೂ ಇನ್ನೊಂದರ ತಲೆ ತುಳ್ಕೊಂಡು ಓಡ್ತು!”

ಅಮ್ಮ ಲ್ಯಾಬಿನಲ್ಲಿ ವಿಜ್ಞಾನಿ. ಅಜ್ಜನಿಗಿರುವ ಕೈಕಾಲು ನಡುಗುವ ಕಾಯಿಲೆಯಂಥದ್ದೇ ಈ ಪುಟಾಣಿ ನೊಣಗಳಿಗೂ ಇತ್ತು. ಒಂದು ಕೊಳವೆಯ ನೊಣಗಳಿಗೆ ಊಟದ ಜೊತೆ ಹೊಸ ಔಷಧಿ, ಇನ್ನೊಂದರ ನೊಣಗಳಿಗೆ ಬರೀ ಊಟ. ಕೊಳವೆಯನ್ನು ಮೇಜಿಗೆ ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ಹತ್ತು ಸೆಕೆಂಡಿನಲ್ಲಿ ಕೊಳವೆಯ ಮೇಲೆ ಎಳೆದ ಗೆರೆ ದಾಟಿ ಏರಿದವನ್ನು ಎಣಿಸಬೇಕು.

ದಿನಾ ಎಣಿಸುವ ಸಹಾಯಕನಿಗೆ ಇವತ್ತು ವಿಪರೀತ ನೆಗಡಿ. ಕೊಳವೆ ಹಿಡಿದು ಅವನು ಸೀನಿದಾಗಲೆಲ್ಲ ಏರಿದ ನೊಣಗಳೂ ಉದುರುತ್ತಿದ್ದವು. ಹಾಗಾಗಿ ಶಾಲೆಗೆ ರಜೆಯಿದ್ದ ಪಟಪಟಿಗೆ ಕೆಲಸ ಸಿಕ್ಕಿತು.

ಒಂದು ಕೊಳವೆಗೆ ನೀಲಿ ಚುಕ್ಕಿ, ಇನ್ನೊಂದಕ್ಕೆ ಹಳದಿ. ಔಷಧಿ ಯಾವುದರಲ್ಲಿದೆ ಎಂದು ಅಮ್ಮನಿಗೂ ಗೊತ್ತಿಲ್ಲ. ಎಣಿಸುವವರು ಯಾರ ಪಕ್ಷವನ್ನೂ ವಹಿಸದಿರಲಿ ಎಂದು ಪಕ್ಕದ ಕೋಣೆಯ ಡಾಕ್ಟರು ಅದನ್ನು ಬರೆದು ಲಕೋಟೆಯಲ್ಲಿಟ್ಟು ಅಂಟಿಸಿದ್ದರು. ಆದರೆ ಪಟಪಟಿಗೆ ಗೊತ್ತಿತ್ತು! ಅಜ್ಜ ನುಂಗುವ ಮಾತ್ರೆ ನೀಲಿ. ಅಂದಮೇಲೆ ಇನ್ನೇನು?

“ಇನ್ನೊಂದ್ಸಲ ಮಾಡು ನೋಡೋಣ,” ಎಂದಳು ಅಮ್ಮ.

ಪಟಪಟಿ ಮತ್ತೆ ನೀಲಿ ಕೊಳವೆ ಕುಟ್ಟಿದಳು. ಆಮೇಲೆ ಮೊದಲಿನ ಹಾಗೆಯೇ ಮೆಲ್ಲಗೆ ಓರೆ ಮಾಡಿದಳು. ನೆಟ್ಟಗಿದ್ದ ಗೋಡೆ ಆರಾಮಾದ ರಸ್ತೆಯಾಯಿತು. ನೊಣಗಳು ವಾಕಿಂಗ್ ಹೊರಟವು.

“ಏಯ್ ಕಳ್ಳಿ! ಕೊಳವೆ ಯಾಕೆ ಮಲಗಿದೆ?”

“ಅದಕ್ಕೆ... ನಿದ್ದೆ ಬಂತು.”

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಟಪಟಿ ನಗಲಿಲ್ಲ.

“ಔಷಧಿ ಗೆಲ್ಲಬೇಕಮ್ಮ. ಅಜ್ಜ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಅರ್ಧ ಗಂಟೆ ಒದ್ದಾಡ್ತಾರೆ. ಅಷ್ಟು ಮಾಡಿದ್ರೂ ಕೊನೆಗೆ ಮೇಲೊಂದು ಗುಂಡಿ ಮಿಕ್ಕಿರುತ್ತೆ!”

ಅಮ್ಮನ ನಗು ನಿಂತಿತು. “ನೀಲಿಯಲ್ಲೇ ಔಷಧಿ ಇದೆ ಅಂತ ನಿಂಗೆ ಯಾರು ಹೇಳಿದ್ರು? ಹಳದಿಯಲ್ಲಿದ್ರೆ?”

ಪಟಪಟಿ ಹಳದಿ ಕೊಳವೆಯತ್ತ ತಿರುಗಿದಳು. ಹಳದಿಯಲ್ಲಿದ್ದರೆ, ಅಜ್ಜನಿಗೆ ಬೇಕಾದ ಔಷಧಿಯನ್ನು ತಾನೇ ಸೋಲಿಸಿದಂತಲ್ಲವೇ? ಬರೀ ಊಟದ ನೊಣಗಳೇ ಗೆದ್ದವು ಎಂದು ಔಷಧಿಯನ್ನು ಕಸದ ಬುಟ್ಟಿಗೆ ಹಾಕಿಬಿಡುತ್ತಿದ್ದರು!

“ಹದಿನೇಳು ಬರೀಬೇಡಮ್ಮ,” ಎಂದಳು. “ಮೊದಲಿಂದ ಮಾಡ್ತೀನಿ.”

ಈ ಸಲ ನೀಲಿ ಕೊಳವೆ ಕಂಬದ ಹಾಗೆ ನೆಟ್ಟಗೆ ನಿಂತಿತು. ಒಂದು ನೊಣ ಗೆರೆ ದಾಟಿತು. ಇನ್ನೊಂದು. ಮತ್ತೊಂದು. ನಾಲ್ಕನೆಯದು ನಡುಗುತ್ತ, ಜಾರುತ್ತ, ಮತ್ತೆ ಏರುತ್ತ ಗೆರೆಯ ಹತ್ತಿರ ಬಂತು.

ಟೈಮರ್ ಕೂಗಿತು. ಅದಾದ ಮೇಲೆ ಆ ನೊಣ ಗೆರೆ ದಾಟಿತು.

ಪಟಪಟಿ ಅದನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು.

“ಬರ್ಕೋ ಅಮ್ಮ,” ಎಂದಳು. “ಮೂರು.”