ತಾನೇ ಸರಿಯುವ ಬಾಣ

"ಸತ್ತ ಮಗ ಲ್ಯಾಪ್‌ಟಾಪ್‌ನಲ್ಲಿ ಮೌಸಿನ ಬಾಣ ಆಡಿಸ್ತಿದ್ದಾನೆ ಅಂತಾರೆ ನಮ್ಮತ್ತೆ. ಮೂರು ದಿನದಿಂದ ಅದರ ಮುಂದಿಂದ ಎದ್ದಿಲ್ಲ, ಒಂದು ತುತ್ತು ತಿಂದಿಲ್ಲ. ಹೀಗೇ ಆದ್ರೆ ಅವರೂ ನಮಗೆ ಉಳಿಯಲ್ಲ."

ರಿಪೇರಿ ಅಂಗಡಿಗೆ ಬಂದ ಹೆಂಗಸಿನ ಮಾತು ಕೇಳಿ, ಬೆಸುಗೆ ಹಾಕುತ್ತಿದ್ದ ಭಾವ ಕೆಲಸ ನಿಲ್ಲಿಸಿ ತಲೆಯೆತ್ತಿದರು. ಭಾವ ಅಂದರೆ ಅಂಗಡಿ ನಡೆಸುವ ಮೇಷ್ಟ್ರ ಅಕ್ಕನ ಗಂಡ. ಬೀದಿಗೆಲ್ಲ ಅವರು ಭಾವನೇ.

"ಯಾರ ಮೇಲಾದ್ರೂ ಅನುಮಾನ?" ಮೇಷ್ಟ್ರು ಕೇಳಿದರು.

"ಮೈದುನನ ಮೇಲೆ. ಈ ಕಂಪ್ಯೂಟರ್ ವಿದ್ಯೆಯೆಲ್ಲ ಅವನಿಗೆ ಗೊತ್ತು."

"ಏಳಿ ಭಾವ, ದೆವ್ವದ ರಿಪೇರಿಗೆ ಹೋಗೋಣ."

ಮಧ್ಯಾಹ್ನವಾದರೂ ಆ ಮನೆಯಲ್ಲಿ ಮಗನ ಕೋಣೆಯ ಪರದೆ ಸರಿಸಿರಲಿಲ್ಲ. ಲ್ಯಾಪ್‌ಟಾಪ್ ಕೀಬೋರ್ಡಿನ ಕೆಳಗೆ, ಮಗ ಕೈಯಿಡುತ್ತಿದ್ದ ಜಾಗದಲ್ಲಿ, ತಾಯಿ ತಮ್ಮ ಅಂಗೈ ಇಟ್ಟು ಕೂತಿದ್ದರು. ಬೆರಳುಗಳು ಗಂಟುಗಟ್ಟಿ ಮಡಚಿಕೊಂಡಿದ್ದವು. ತೆರೆಯ ಮೇಲೆ ಬಾಣ ಮೆಲ್ಲಗೆ ತೆವಳಿ, ಫೋಟೋದಲ್ಲಿದ್ದ ಮಗನ ಮುಖದ ಮೇಲೆ ನಿಂತು ನಡುಗಿತು. ಭಾವ ಬಾಗಿಲಲ್ಲೇ ನಿಂತುಬಿಟ್ಟರು.

ಮೇಷ್ಟ್ರು ಪಕ್ಕದಿಂದ ಟಚ್‌ಪ್ಯಾಡ್ ಮೇಲೆ ಎರಡು ಬೆರಳಿಟ್ಟು ಎಳೆದರು. ಪುಟ ಸರಿಯಬೇಕಿತ್ತು, ಸರಿಯಲಿಲ್ಲ.

"ಇದು ಯಾವಾಗಿಂದ?"

"ನಮ್ಮ ಯಜಮಾನ್ರು ಹೋದಾಗಿಂದ ಮುಚ್ಚೇ ಇಟ್ಟಿದ್ವಿ. ಮೂರು ದಿನದ ಹಿಂದೆ ನಾನೇ ಆನ್ ಮಾಡಿ ಪಾಸ್‌ವರ್ಡ್ ಹಾಕಿಕೊಟ್ಟೆ."

ಒಂದು ಗಂಟೆ ತಡಕಾಡಿದ ಮೇಲೆ ಮೇಷ್ಟ್ರು ಮೈದುನನನ್ನೂ ಕರೆಸಿ ಎಲ್ಲರನ್ನೂ ಕೂರಿಸಿದರು.

"ಟಚ್‌ಪ್ಯಾಡ್ ನಡೆಸೋಕೆ ಡ್ರೈವರ್ ಅಂತ ಒಂದು ಪ್ರೋಗ್ರಾಂ ಇರತ್ತೆ. ಆನ್ ಆದ ತಕ್ಷಣ ಅದು 'ನೀನ್ಯಾರು' ಅಂತ ಕೇಳತ್ತೆ. ಟಚ್‌ಪ್ಯಾಡ್ ಅಂತ ಗುರುತು ಸಿಕ್ಕಿದ್ರೆ ಎರಡು ಬೆರಳಿನ ಎಳೆತ ತಿಳಿಯತ್ತೆ, ಅಂಗೈ ತಗುಲಿದ್ರೆ ಸುಮ್ಮನಿರತ್ತೆ. ಇಲ್ಲಿ ಬರೀ ಮೌಸ್ ಅಂದ್ಕೊಂಡಿದೆ. ಅದಕ್ಕೇ ಎರಡು ಬೆರಳಿಗೆ ಪುಟ ಸರೀಲಿಲ್ಲ, ಅಂಗೈ ನಡುಗಿದ್ರೂ ಬಾಣ ಓಡತ್ತೆ. ಅದನ್ನ ಸರಿಸಿದ್ದು ನಿಮ್ಮ ಕೈಯೇ, ಅಮ್ಮ."

ಸೊಸೆ ಮೈದುನನತ್ತ ತಿರುಗಿದಳು. "ಗುರುತು ತಪ್ಪಿಸಿದ್ದು ನೀನು ತಾನೇ?"

"ಅಣ್ಣನ ಪಾಸ್‌ವರ್ಡೇ ನಂಗೆ ಗೊತ್ತಿಲ್ಲ ಅತ್ತಿಗೆ."

"ಅವನಲ್ಲ," ಅಂದರು ಮೇಷ್ಟ್ರು. "ಡ್ರೈವರ್ ಫೈಲಲ್ಲಿ ಆ ಗುರುತಿನ ಸಾಲು ಬದಲಾಗಿರೋದು ನಿಮ್ಮ ಯಜಮಾನ್ರು ಹೋಗೋ ಹಿಂದಿನ ದಿನ. ಮತ್ತೆ ಆನ್ ಮಾಡೋವರೆಗೂ ಅದು ಜಾರಿಗೆ ಬರಲ್ಲ. ಯಾಕೆ ಬದಲಿಸಿದ್ದು ಅಂತ ಪಕ್ಕದಲ್ಲೇ ಬರೆದಿಡೋದು ಅವರ ಥರ ಪ್ರೋಗ್ರಾಂ ಬರೆಯೋರ ಅಭ್ಯಾಸ. ಓದ್ತೀನಿ ಕೇಳಿ: 'ಅಮ್ಮನಿಗೆ ಬೆರಳು ಚಾಚೋಕಾಗಲ್ಲ. ಅಂಗೈಗೂ ಬಾಣ ಓಡಲಿ. ನಾಳೆ ಫೋಟೋ ನೋಡೋದು ಕಲಿಸಬೇಕು.'"

ತಾಯಿ ತಮ್ಮ ಮಡಚಿದ ಬೆರಳುಗಳನ್ನು ನೋಡಿಕೊಂಡರು.

"ಹಾಗಾದ್ರೆ ಅವನು ಬಂದಿರಲಿಲ್ಲ."

"ಇಲ್ಲಮ್ಮ."

ಮಗ ಹೋದ ಮೇಲೆ ಒಂದು ಹನಿ ಕಣ್ಣೀರು ಹಾಕದಿದ್ದ ಆಕೆ ಸೊಸೆಯ ಹೆಗಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತರು. ಅತ್ತು ಅತ್ತು ಸುಸ್ತಾದ ಮೇಲೆ ಮೆಲ್ಲಗೆ, "ಹಸಿವಾಗ್ತಿದೆ ಕಣೇ," ಅಂದರು.